ಹಣೆಯ ಮೇಲಿನ ಹೆಸರು

ಸಮಾಧಿಯನ್ನು ಇನ್ನೊಂದು ಹತ್ತು ವರ್ಷ ಉಳಿಸಿಕೊಳ್ಳಲು ಒಂದು ಕರುವಿನ ಬೆಲೆ. ತಲೆಬುರುಡೆ ತೆಗೆಸಿ, ಬಿಸಿಲಿಗೆ ಒಣಗಿಸಿ, ಹಣೆಗೆ ಹೆಸರು ಬರೆಸಿ ಎಲುಬಿನ ಮನೆಯಲ್ಲಿ ಇಡಿಸಲು ಒಂದು ಅಚ್ಚು ಚೀಸ್ ಸಾಕು. ಹಿಂದೆ ಬಂಡೆ, ಮುಂದೆ ಸರೋವರ, ನಡುವೆ ಹೂಳಲು ಅಂಗೈಯಗಲ ಜಾಗ. ಆಲ್ಟನ್‌ವಾಂಡ್‌ನಲ್ಲಿ ಸತ್ತವರೂ ಬಾಡಿಗೆದಾರರೇ. ಇರುವ ಜನರಿಗಿಂತ ಬುರುಡೆಗಳೇ ಹೆಚ್ಚಾಗಿರುವ ಊರು. ಥೆಕ್ಲಾ ಚೀಸ್ ತಂದಿದ್ದಳು. ಗಂಡ ಕಾಸ್ಪರನನ್ನು ಅವನ ಅಪ್ಪ, ಅಜ್ಜಂದಿರ ಸಾಲಿನಲ್ಲಿ ಕೂರಿಸಿಬಿಟ್ಟರೆ ಅವಳ ಪಾಲಿನ ಕೆಲಸ ಮುಗಿದಂತೆ.

ಗುಂಡಿ ತೋಡುವ ಉರ್ಬಾನ್ ಬುರುಡೆಯನ್ನು ಮೇಲೆತ್ತಿ ಮಣ್ಣು ಒರೆಸಿದ. ಮೇಲಿನ ಸಾಲಿನಲ್ಲಿ ಚಿನ್ನದ ಹಲ್ಲೊಂದು ಮಿನುಗಿತು.

"ಇದು ಯಾರದು?" ಎಂದಳು ಥೆಕ್ಲಾ. "ನನ್ನ ಗಂಡನಿಗೆ ಚಿನ್ನದ ಹಲ್ಲು ಎಲ್ಲಿಂದ ಬಂತು? ಅವ್ರಿಗೆ ಮುಂದಿನ ಹಲ್ಲೇ ಇರ್ಲಿಲ್ಲ. ಹುಲ್ಲುಗಾವಲಿನ ಗಡಿ ಜಗಳದಲ್ಲಿ ಆ ರುಪರ್ಟ್ ಗುದ್ದಿ ಬೀಳಿಸಿದ್ನಲ್ಲ."

ಊರಿಗೆಲ್ಲ ಚಿನ್ನದ ಹಲ್ಲಿದ್ದದ್ದು ರುಪರ್ಟನೊಬ್ಬನಿಗೇ. ಉರ್ಬಾನನ ಮುಖ ಮೊದಲು ಅರಳಿತು. ಮೂರು ತಿಂಗಳ ಹಿಂದೆ ಪಕ್ಕದ ಸಮಾಧಿಯಿಂದ ರುಪರ್ಟನ ಬುರುಡೆ ತೆಗೆದಾಗ ಆ ಹಲ್ಲು ಇರಲಿಲ್ಲ. ಅಂದಿನಿಂದ ರುಪರ್ಟನ ಹೆಂಡತಿ ಅಫ್ರಾ ಉರ್ಬಾನನನ್ನೇ ಕಳ್ಳ ಎಂದು ಊರೆಲ್ಲ ಸಾರಿಕೊಂಡು ಬಂದಿದ್ದಳು.

"ನೋಡಿದ್ಯಾ ಥೆಕ್ಲಕ್ಕ, ನಾನು ಕದ್ದಿಲ್ಲ..." ಎಂದವನ ಮಾತು ಅಲ್ಲಿಗೇ ನಿಂತಿತು. ಚರ್ಚಿನ ಮಾಡಿನಿಂದ ಜಾರುವ ಹಿಮಕ್ಕೆ ಮುರಿಯದಿರಲೆಂದು ಚಳಿಗಾಲದಲ್ಲಿ ಹೆಸರು ಬರೆದ ಮರದ ಶಿಲುಬೆಗಳನ್ನೆಲ್ಲ ಕಿತ್ತು ಒಳಗಿಡುವವನು, ವಸಂತದಲ್ಲಿ ಮತ್ತೆ ನೆಡುವವನು ಅವನೇ. ಕಾಸ್ಪರ್, ರುಪರ್ಟ್ ಇಬ್ಬರೂ ಸತ್ತದ್ದು ಒಂದೇ ವಾರದಲ್ಲಿ, ಮೊದಲ ಹಿಮ ಬೀಳುವ ಮುಂಚೆ. ಹಿಮ ಕರಗಿದಾಗ ಎರಡು ದಿಬ್ಬಗಳೂ ನೆಲಸಮವಾಗಿದ್ದವು.

"ಶಿಲುಬೆ ಅದಲುಬದಲು ನೆಟ್ಟಿದೀನಿ" ಎಂದ ಉರ್ಬಾನ್, ಗುಂಡಿಯೊಳಗಿಂದಲೇ.

ಥೆಕ್ಲಾ ಗುಂಡಿಯ ಅಂಚಿಗೆ ಬಂದು ಬಾಗಿದಳು. "ಹತ್ತು ವರ್ಷ ನಾನು ದೀಪ ಹಚ್ಚಿದ್ದು, ಅತ್ತಿದ್ದು, ಎಲ್ಲಾ ಇವನಿಗಾ?"

ಎಲುಬಿನ ಮನೆ ಗುಡಿಸಲು ಬಂದಿದ್ದ ಅಫ್ರಾ ಮಾತು ಕೇಳಿ ಹತ್ತಿರ ಬಂದಳು. ಬುರುಡೆ ಕಂಡವಳೇ ಕಸಿದುಕೊಂಡು, ಆ ಹಲ್ಲನ್ನು ಬೆರಳಿನಿಂದ ಸವರಿದಳು. ಆಮೇಲೆ ಎಲುಬಿನ ಮನೆಯತ್ತ ತಿರುಗಿದಳು.

"ಹಾಗಾದ್ರೆ ಒಳಗಿರೋದು ಯಾರೇ?"

"ನನ್ನ ಯಜಮಾನ್ರು."

"ಅಯ್ಯೋ, ದಿನಾ ಅದರ ಹಣೆಗೆ ಮುತ್ತಿಡ್ತೀನಲ್ಲೇ."

"ಇಟ್ಟಿದ್ದು ಸಾಕು. ಬದುಕಿದ್ದಾಗ ನಿಮ್ಮ ಹೊಸಲು ತುಳೀದವ್ರು. ನಡಿ, ತೆಕ್ಕೊಡು."

ಮೂವರೂ ಒಳಗೆ ಹೋದರು. ಅಟ್ಟಣೆಯ ಮೇಲೆ, ರುಪರ್ಟನ ವಂಶದವರ ನಡುವೆ, ಹಣೆಯ ಸುತ್ತ ಓಕ್ ಎಲೆಗಳ ಹಸಿರು ಮಾಲೆ ಬರೆಸಿಕೊಂಡು ಕಾಸ್ಪರ್ ಕುಳಿತಿದ್ದ. ಮಾಲೆಯ ನಡುವೆ ಉರ್ಬಾನನದೇ ದುಂಡು ಅಕ್ಷರದಲ್ಲಿ ಕಪ್ಪಾಗಿ 'ರುಪರ್ಟ್' ಎಂದಿತ್ತು.

"ಅಳಿಸು" ಎಂದಳು ಥೆಕ್ಲಾ.

ಉರ್ಬಾನ್ ಉಗುರಿನಿಂದ ಮೆಲ್ಲಗೆ ಕೆರೆದ. ಬಣ್ಣ ಬರಲಿಲ್ಲ, ಎಲುಬಿನ ಪುಡಿ ಉದುರಿತು.

"ಬಣ್ಣವನ್ನ ಎಲುಬು ಕುಡಿದುಬಿಟ್ಟಿದೆ ಅಕ್ಕ. ಇನ್ನೂ ಕೆರೆದ್ರೆ ಹಣೆಯೇ ಹೋಗುತ್ತೆ."

ಆ ದಿನ ಉರ್ಬಾನನಿಗೆ ಕಳ್ಳನೆಂಬ ಮಾತು ತಪ್ಪಿತು. ಅಫ್ರಾಳಿಗೆ ಗಂಡನೂ ಸಿಕ್ಕಿದ, ಚಿನ್ನದ ಹಲ್ಲೂ ಸಿಕ್ಕಿತು. ಥೆಕ್ಲಾಳಿಗೆ ಗಂಡ ಸಿಕ್ಕಿದ. ಅವನ ಹೆಸರು ಸಿಗಲಿಲ್ಲ.