ವೈರು ಕೀಳುವ ಮುಂಚೆ

“ಮೊದಲು ಇಂಟರ್ನೆಟ್ ವೈರು ಕೀಳ್ಬೇಕು ಆಂಟಿ, ಆಮೇಲೆ ವೈರಸ್ ತೆಗೀಬೋದು,” ಎನ್ನುತ್ತ ರಿಪೇರಿಗೆ ಬಂದ ಬಸವಕುಮಾರ್ ಮೇಜಿನಡಿ ನುಸುಳಿ ವೈರು ಹಿಡಿದ. ಅಜ್ಜಿ ಕಥೆಯ ರಾಕ್ಷಸನ ಪ್ರಾಣ ಗಿಳಿಯಲ್ಲಿದ್ದಂತೆ, ಯಶೋದಮ್ಮನ ವಧು-ವರರ ಕೇಂದ್ರದ ಕಂಪ್ಯೂಟರಿಗೆ ಹೊಕ್ಕ ವೈರಸ್ ಹುಳುವಿನ ಪ್ರಾಣ ಆ ವೈರಿನಲ್ಲಿತ್ತು. ಆ ಹುಳು ಅಲ್ಲಿದ್ದ ಯಾರೋ ಒಬ್ಬ ವರನ ಬಯೋಡೇಟಾ ಎತ್ತಿಕೊಂಡು, ವಿಜಯನಗರದ ಹೆಣ್ಣಿನ ಮನೆಗಳಿಗೆಲ್ಲ ತಾನೇ ಮೇಲ್ ಮಾಡುತ್ತಿತ್ತು.

ಅಂಥ ಒಂದು ಮನೆಯಿಂದ ಯಶೋದಮ್ಮನಿಗೆ ಫೋನ್ ಬಂತು. “ಅಯ್ಯೋ, ಅದು ವೈರಸ್ಸು ಕಣ್ರೀ, ಡಿಲೀಟ್ ಮಾಡಿ... ಏನಂದ್ರಿ, ಹುಡುಗ ಒಪ್ಪಿಗೇನಾ? ಇರಿ, ಯಾರದು ನೋಡ್ತೀನಿ.” ಯಶೋದಮ್ಮ ಪರದೆ ನೋಡಿದರು. ಆಮೇಲೆ ಬಗ್ಗಿ ಮೇಜಿನಡಿ ನೋಡಿದರು. “ಲೋ, ಇಷ್ಟು ವರ್ಷ ಯಾರೂ ಮೂಸಿ ನೋಡದ ನಿನ್ನ ಬಯೋಡೇಟಾ ಕಣೋ!”

ಬಸವಕುಮಾರ್ ವೈರಿನಿಂದ ಮೆಲ್ಲಗೆ ಕೈ ತೆಗೆದ.

“ಸ್ವಲ್ಪ ಹೊತ್ತು ಇರ್ಲಿ ಆಂಟಿ. ರಾಜಾಜಿನಗರಕ್ಕೂ ಹೋಗಿಬಿಡ್ಲಿ.”