ನೆಲ ಡೊಂಕು

"ನಾನು ಓಡಿಸಿದ್ರೆ ನಿಲ್ಲಲ್ಲ. ಇವಳು ಓಡಿಸಿದ್ರೆ ಮಾತ್ರ ನಿಲ್ಲುತ್ತೆ," ಎಂದು ಗಂಡ ಮೆಕ್ಯಾನಿಕ್ಕಿನ ಮುಂದೆ ಕಾರಿನ ಬಾನೆಟ್ ತಟ್ಟಿದ. "ಇನ್ನು ನೀವೇ ಹೇಳಿ, ತಪ್ಪು ಯಾರದು ಅಂತ."

"ಆ ಕಂಪ್ಯೂಟರ್ ಹಾಕಿದ ಮೇಲೇ ಶುರುವಾಗಿದ್ದು," ಎಂದಳು ಹೆಂಡತಿ.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ," ಎಂದ ಗಂಡ. ಗಾದೆ ಹೇಳಿದವನಿಗೆ ಗೆದ್ದೆನೆಂಬ ಸಮಾಧಾನ ಇದ್ದೇ ಇರುತ್ತದೆ.

ಅವಳು ನರ್ಸು. ಸೋಮವಾರದಿಂದ ಊರಾಚೆಯ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕೆಲಸ, ಬೆಳಗಿನ ಪಾಳಿ. ಮೊದಲ ಬಸ್ಸು ಹೊರಡುವ ಹೊತ್ತಿಗೆ ಅವಳು ಅಲ್ಲಿರಬೇಕು. ಮೂರು ವರ್ಷ ಕಾದು ಪಡೆದ ಕೆಲಸ. ಈ ಕಾರನ್ನು ನಂಬಲಾಗದಿದ್ದರೆ ಒಲ್ಲೆನೆಂದು ನಾಳೆಯೇ ಬರೆದುಕೊಡಬೇಕು. ಬರೆದುಕೊಟ್ಟುಬಿಡು ಎಂದು ಗಂಡ ಆಗಲೇ ಎರಡು ಸಲ ಹೇಳಿಯಾಗಿತ್ತು. ಕಾರು ಅವನ ಮುದ್ದಿನ ಕೂಸು. ಕಂಪನಿಯಿಂದ ಬಂದದ್ದರಲ್ಲಿ ಅವನ ಕೈ ಸೋಕದೆ ಉಳಿದದ್ದು ನಾಲ್ಕು ಬಾಗಿಲು ಮಾತ್ರ. ವೇಗ ಸಾಲದೆಂದು ಎಂಜಿನ್ನಿನ ಕಂಪ್ಯೂಟರನ್ನೇ ಕಿತ್ತು, ಬೇರೊಂದನ್ನು ತಂದು ಡ್ರೈವರ್ ಸೀಟಿನ ಅಡಿಯಲ್ಲಿ ಕೂರಿಸಿದ್ದ. ವೈರುಗಳನ್ನೆಲ್ಲ ತಾನೇ ಎಳೆದಿದ್ದ, ಊಟಕ್ಕೆ ಮೂರು ಸಲ ಕರೆದರೂ ಏಳದೆ.

ನರೆಗೂದಲಿನ ಮೆಕ್ಯಾನಿಕ್ ದಾರ ಕಟ್ಟಿದ ಕನ್ನಡಕ ಏರಿಸಿಕೊಂಡು ಸ್ಕ್ಯಾನರ್ ಸಿಕ್ಕಿಸಿ ನೋಡಿದ. "ಎಂಜಿನ್ ತಿರುಗ್ತಾ ಇದೆ ಅಂತ ಹೇಳೋಕೆ ಒಂದು ಸೆನ್ಸರ್ ಇರುತ್ತೆ. ಅದು ಆಗಾಗ ಬಾಯಿ ಮುಚ್ಕೊಳ್ತಿದೆ."

"ಮೂರು ಸಲ ಹೊಸದು ಹಾಕಿದ್ದೀನಿ."

"ಪಾಪ, ಮೂರೂ ಚೆನ್ನಾಗೇ ಇದ್ದಿರಬೇಕು."

ಮೆಕ್ಯಾನಿಕ್ ಎರಡು ಸುತ್ತು ಓಡಿಸಿದ. ಗಂಡ ಎರಡು ಸುತ್ತು ಓಡಿಸಿದ. ಕಾರು ಒಮ್ಮೆಯೂ ನಿಲ್ಲಲಿಲ್ಲ. ರೋಗಿ ಡಾಕ್ಟರ ಮುಂದೆ ಕೆಮ್ಮುವುದಿಲ್ಲವಲ್ಲ. ಮೆಕ್ಯಾನಿಕ್ ಹೆಂಡತಿಯ ಕಡೆ ತಿರುಗಿದ.

"ಅಮ್ಮಾ, ನಿಲ್ಲೋದು ಕ್ಲಚ್ ಒತ್ತಿದ್ದಾಗಲೋ, ಬಿಡೋವಾಗಲೋ?"

"ಒತ್ತಿದ್ದಾಗ. ಸಿಗ್ನಲ್ಲಲ್ಲಿ, ಪೂರ್ತಿ ಒತ್ತಿದ್ದಾಗ."

"ಹಾಗಾದ್ರೆ ಕಾಲಿನ ತಪ್ಪಲ್ಲ. ಒತ್ತಿದ್ದಾಗ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇರಲ್ಲ. ಬಿಡೋವಾಗ ನಿಂತ್ರೆ ನಿಮ್ಮನ್ನ ಬೈಬಹುದು."

ಒಂದು ವರ್ಷದಿಂದ ಯಾರೂ ಕೇಳದಿದ್ದ ಪ್ರಶ್ನೆ. ಅವಳಿಗೆ ಅಳು ಬರುವಷ್ಟು ಹಗುರವಾಯಿತು.

"ಈಗ ದಿನಾ ಹೇಗೆ ಹೊರಡ್ತೀರೋ ಹಾಗೇ ಹೊರಡಿ," ಎಂದು ಮೆಕ್ಯಾನಿಕ್ ಸ್ಕ್ಯಾನರ್ ಹಿಡಿದು ಹಿಂದಿನ ಸೀಟಿನಲ್ಲಿ ಕೂತ. ಗಂಡ ಅವಳ ಪಕ್ಕದಲ್ಲಿ. ಅವಳು ಹಿಡಿ ಎತ್ತಿ ಸೀಟನ್ನು ತೀರಾ ಮುಂದಕ್ಕೆ ಎಳೆದುಕೊಂಡಳು. ಗಂಡನಷ್ಟು ಉದ್ದದ ಕಾಲು ಅವಳಿಗಿರಲಿಲ್ಲ.

"ಕ್ಲಚ್ ನಿಧಾನ," ಎಂದ ಗಂಡ.

"ಇದನ್ನೂ ದಿನಾ ಹೇಳ್ತಾರಾ?" ಎಂದು ಹಿಂದಿನಿಂದ ಪ್ರಶ್ನೆ ಬಂತು.

"ದಿನಾ."

"ಹಾಗಾದ್ರೆ ಹೇಳ್ತಾ ಇರಿ ಸಾರ್. ಟೆಸ್ಟು ಸರಿಯಾಗಿ ಆಗ್ಲಿ."

ಮೊದಲ ಸಿಗ್ನಲ್ಲಿನಲ್ಲೇ ಅವಳು ಬೆನ್ನನ್ನು ಸೀಟಿಗೆ ಒತ್ತಿ ಕ್ಲಚ್ಚನ್ನು ನೆಲ ಮುಟ್ಟಿಸಿದಳು. ಎಂಜಿನ್ ಸತ್ತಿತು. "ನೋಡಿದ್ರಾ?" ಎಂದ ಗಂಡ. ತನ್ನ ಕಾರು ನಡುರಸ್ತೆಯಲ್ಲಿ ಕೆಟ್ಟು ನಿಂತದ್ದಕ್ಕೆ ಅಷ್ಟು ಖುಷಿಪಟ್ಟವನನ್ನು ಮೆಕ್ಯಾನಿಕ್ ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ.

"ನಿಂತ ಮೇಲೆ ಏನು ಮಾಡ್ತೀರಿ ಸಾರ್?"

"ಇವಳನ್ನ ಇಳಿಸಿ ನಾನು ಕೂರ್ತೀನಿ. ಸೀಟು ಹಿಂದಕ್ಕೆ ತಳ್ಳಿ ಕೀ ತಿರುಗಿಸಿದ್ರೆ ಆಯ್ತು, ಒಂದೇ ಸಲಕ್ಕೆ ಸ್ಟಾರ್ಟ್. ಕೈಗುಣ ಅನ್ನಿ."

"ಸೀಟು ಹಿಂದಕ್ಕೆ ತಳ್ಳಿ," ಎಂದು ಮೆಕ್ಯಾನಿಕ್ ನಿಧಾನವಾಗಿ ಪುನಃ ಹೇಳಿ ಕನ್ನಡಕ ಕೆಳಗಿಳಿಸಿದ.

ಗಂಡ ಎಂದಿನಂತೆ ಸೀಟು ತಳ್ಳಿ, ಸ್ಟಾರ್ಟ್ ಮಾಡಿ ಶೆಡ್ಡಿಗೆ ತಂದ. ಮೆಕ್ಯಾನಿಕ್ ಟಾರ್ಚು ಹಿಡಿದು ಸೀಟಿನಡಿಗೆ ತಲೆ ತೂರಿಸಿ, ಹಿಡಿ ಎತ್ತಿ ಸೀಟನ್ನು ಮುಂದಕ್ಕೆಳೆದ, ಹಿಂದಕ್ಕೆ ತಳ್ಳಿದ, ಮತ್ತೆ ಎಳೆದ. ಆಮೇಲೆ ಅಲ್ಲಿಂದಲೇ ಕರೆದ.

"ಸಾರ್, ಬಗ್ಗಿ ನೋಡಿ. ನೆಲ ನಿಜವಾಗ್ಲೂ ಡೊಂಕಾಗಿದೆ."

ಗಂಡ ಬಗ್ಗಿದ. ಸೆನ್ಸರಿನ ವೈರು ಸೀಟಿನ ಹಳಿಯ ಪಕ್ಕದಲ್ಲೇ ಉಬ್ಬಿಕೊಂಡು ಹಾದುಹೋಗಿತ್ತು. ಸೀಟು ಪೂರ್ತಿ ಮುಂದಿದ್ದು ಅದರ ಮೇಲೆ ಭಾರ ಬಿದ್ದರೆ, ಕಬ್ಬಿಣದ ಅಂಚು ಸವೆದ ವೈರಿನ ತಾಮ್ರಕ್ಕೆ ತಾಗಿ ಸೆನ್ಸರಿನ ಬಾಯಿ ಮುಚ್ಚಿಸುತ್ತಿತ್ತು. ಹಿಂದಕ್ಕೆ ಹೋದರೆ ಬಿಡುತ್ತಿತ್ತು. ಕೈಗುಣದ ಗುಟ್ಟು ಅಷ್ಟೇ.

"ಈ ವೈರು ಎಳೆದೋರು ಯಾರು?" ಎಂದು ಮೆಕ್ಯಾನಿಕ್ ಗೊತ್ತಿದ್ದೂ ಕೇಳಿದ. ಗಂಡನಿಗೆ ಹೊಳೆದ ಗಾದೆಗಳೆಲ್ಲ ಹೆಂಗಸರ ಮೇಲಿನವೇ ಆಗಿದ್ದರಿಂದ ಅವನು ವೈರನ್ನು ಬೆರಳಿನಿಂದ ಮುಟ್ಟಿ ನೋಡಿದ.

ವೈರಿಗೆ ಹೊಸ ಹೊದಿಕೆ ಹಾಕಿ, ಬಾಗಿಲಿನ ಅಂಚಿನಲ್ಲಿ ಬೇರೆ ದಾರಿ ಮಾಡಿ, ಕ್ಲಿಪ್ಪು ಬಿಗಿದು ಮೆಕ್ಯಾನಿಕ್ ಕೈ ಒರೆಸಿಕೊಂಡ. ಹೆಂಡತಿ ಸೀಟು ಮುಂದಕ್ಕೆಳೆದು ಕೂತಳು. ಪಕ್ಕದಲ್ಲಿ ಕೂತ ಗಂಡ ಏನೋ ಹೇಳಲು ಬಾಯಿ ತೆರೆದು, ಸೀಟುಬೆಲ್ಟು ಹುಡುಕುವವನಂತೆ ಆ ಕಡೆ ತಿರುಗಿದ.

ಕಾರು ಗೇಟಿನವರೆಗೆ ಹೋಗಿ, ನಿಧಾನಿಸಿ, ಮತ್ತೆ ಹೊರಡುವಾಗ ಒಮ್ಮೆ ಜಗ್ಗಿ, ನಿಂತುಬಿಟ್ಟಿತು.

ಮೆಕ್ಯಾನಿಕ್ ಟಾರ್ಚು ಹಿಡಿದು ಓಡಿಬಂದ. "ಮತ್ತೆ ವೈರಾ?" ಎಂದ ಗಂಡನ ಮುಖ ಬಿಳಿಚಿಕೊಂಡಿತ್ತು. ಹೆಂಡತಿ ತನ್ನ ಎಡಗಾಲನ್ನು ನೋಡಿಕೊಂಡಳು. ಆಮೇಲೆ ಜೋರಾಗಿ ನಕ್ಕುಬಿಟ್ಟಳು.

"ಯಾರೂ ಇಳೀಬೇಡಿ. ಇದು ಕ್ಲಚ್ ಬಿಡೋವಾಗ ನಿಂತಿದ್ದು," ಎಂದು ಕೀ ತಿರುಗಿಸಿದಳು. "ಈ ತಪ್ಪು ನನ್ನದೇ."