ಫ್ಯಾನಿನ ಹಿಂದಿನ ಸೆನ್ಸರ್

ಎಂಜಿನ್ ಬಿಸಿಯಾಗುತ್ತಲೇ ಹಳೇ ಪಿಕಪ್ಪು ಮತ್ತೆ ನಿಂತುಹೋಯಿತು. ತಮ್ಮನಿಗೆ ಫ್ಯಾನಿನ ಹಿಂದಿರುವ ಸೆನ್ಸರಿನ ಮೇಲೆಯೇ ಅನುಮಾನ. ಅದನ್ನು ಮುಟ್ಟಿ ನೋಡಬೇಕೆಂದರೆ ಫ್ಯಾನಿನ ರೆಕ್ಕೆಗಳ ನಡುವೆ ಮೊಣಕೈವರೆಗೂ ಕೈ ತೂರಿಸಬೇಕು. ಡ್ರೈವರ್ ಸೀಟಿನಲ್ಲಿ ಅಣ್ಣ ಕೂತಿದ್ದ, ಬೆರಳು ಕೀಲಿಯ ಮೇಲೆ; ಕೀಲಿ ತಿರುಗಿದರೆ ಫ್ಯಾನೂ ತಿರುಗುತ್ತದೆ. ತಮ್ಮನು ಗ್ಯಾರೇಜಿನಲ್ಲಿ ಪಾಲು ಕೇಳಿದಂದಿನಿಂದ ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ.

ಕೈ ಒಳಗಿಟ್ಟ ತಮ್ಮ ಅದನ್ನು ಹಿಂದಕ್ಕೆಳೆದುಕೊಂಡ. ಒಡಹುಟ್ಟಿದವನ ಮೇಲೆ ಇಂಥ ಶಂಕೆಯೇ ಎಂದು ನಾಚಿಕೆಯಾಯಿತು. ಆದರೂ ಕೈ ಮುಂದೆ ಹೋಗಲೊಲ್ಲದು.

ಅಷ್ಟರಲ್ಲಿ ಬಾಗಿಲು ತೆರೆದ ಸದ್ದಾಯಿತು. ಅಣ್ಣ ಇಳಿದು ಬಂದು ಕೀಲಿಯನ್ನು ತಮ್ಮನ ಅಂಗಿಯ ಜೇಬಿಗೆ ಹಾಕಿದ.

“ನೀನೇ ಇಟ್ಕೋ. ನನ್ನ ಮೇಲೆ ನನಗೇ ನಂಬಿಕೆ ಬರ್ಲಿಲ್ಲ ಕಣೋ,” ಅಂದ.

ತಮ್ಮ ಅವನ ಮುಖವನ್ನೇ ನೋಡಿದ. ಆಮೇಲೆ ಬಗ್ಗಿ ಕೈ ತೂರಿಸಿದ.

“ಸೆನ್ಸರೇ ಬಿರುಕು ಬಿಟ್ಟಿದೆ ಅಣ್ಣ. ಸ್ವಲ್ಪ ಟಾರ್ಚ್ ಹಿಡ್ಕೋ.”